ಸ್ಯಾಂಪಲ್ ಸಣ್ಣದಾಯಿತಂತೆ

ಮಾನ್ಯ ಸಂಪಾದಕರೆ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ, ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಸಂಶೋಧನಾ ಲೇಖನ ಅಚ್ಚು ಹಾಕಿಕೊಡುವ ಜರ್ನಲ್‌ಗಳ ಬಗ್ಗೆ ವರದಿ ಬಂದಿತ್ತು. ಬರೆದದ್ದೆಲ್ಲ ನಿಜ. ನಮ್ಮ ಸ್ಟಾಫ್ ರೂಮಿನಲ್ಲಿ ಆ ಪುಟ ಕೈಯಿಂದ ಕೈಗೆ ಹೋಯಿತು. ಕೆಲವರು ಜೋರಾಗಿ ಓದಿ ನಕ್ಕರು. ಒಂದಿಬ್ಬರು ಓದದೆ ಮಡಚಿಟ್ಟು ಕ್ಲಾಸಿಗೆ ನಡೆದರು, ಬೆಲ್ ಆಗಲು ಇನ್ನೂ ಐದು ನಿಮಿಷ ಇತ್ತು.

ಆದರೆ ಮಾಸ್ತರರು ಆ ಅಂಗಡಿಗೆ ಯಾಕೆ ಹೋಗುತ್ತಾರೆ ಅನ್ನುವುದು ವರದಿಯಲ್ಲಿ ಇರಲಿಲ್ಲ. ನಾನೂ ಆ ಅಂಗಡಿಯ ಕಟ್ಟೆಯವರೆಗೆ ಹೋಗಿ ವಾಪಸ್ ಬಂದವಳೇ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತೆ, ಈಗಲೇ ಹೇಳಿಬಿಡುತ್ತೇನೆ.

ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮಾಡುತ್ತಲೇ ಪಿಎಚ್‌ಡಿ ಮುಗಿಸಿದೆ. ವಿಷಯ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. 2011ರಲ್ಲಿ ಊರಿನ ಹೆಸರು ಕಾಯುವ ಜಿಐ ಟ್ಯಾಗ್ ಬಂತು, ಆ ಬಣ್ಣ ತೆಗೆಯುವ ಕಾರ್ಖಾನೆಗಳಿವೆ, ಊರ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ. ಇದೆಲ್ಲ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಬೆಳಗ್ಗೆ ಟೆಂಪೊದಲ್ಲಿ ಬಂದು, ಕೆಂಪು ರಾಶಿಯ ಮುಂದೆ ಕಾಲು ಚಾಚಿ ಕೂತು, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಸಂಜೆಯವರೆಗೆ ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಹೆಂಗಸು ಅಷ್ಟು ಹೊತ್ತು ಏನು ಯೋಚನೆ ಮಾಡುತ್ತಾಳೆ, ಮನೆಗೆ ಹೋಗಿ ಅದೇ ಕೈಯಲ್ಲಿ ಮಗುವಿನ ಮುಖ ಹೇಗೆ ತೊಳೆಯುತ್ತಾಳೆ, ಕೂಲಿ ದುಡ್ಡು ಮೊದಲು ಯಾರ ಕೈಗೆ ಹೋಗುತ್ತದೆ, ಇದು ಯಾವ ಪುಸ್ತಕದಲ್ಲೂ ಇಲ್ಲ. ಕೂತು ಕೇಳಬೇಕು.

ಕೂತೆ. ಎರಡು ಹಂಗಾಮು. ಮೊದಲನೇ ದಿನವೇ ಒಬ್ಬ ಅಜ್ಜಿ ಹೇಳಿದಳು, "ಅಕ್ಕಾರ, ಬರೇ ಕೇಳ್ಕೋತ ಕುಂತ್ರ ಹೆಂಗ್ರಿ, ನೀವೂ ಒಂದ್ ಬುಟ್ಟಿ ಬಿಡಸ್ರಿ." ಬಿಡಿಸಿದೆ. ಅರ್ಧ ತಾಸಿಗೆ ಉಗುರಿನ ಸಂದಿ ಉರಿಯತೊಡಗಿತು. ಮರೆತು ಕಣ್ಣು ಉಜ್ಜಿಕೊಂಡೆ. ಅವತ್ತು ಅವರೆಲ್ಲ ಬಿದ್ದು ಬಿದ್ದು ನಕ್ಕರಲ್ಲ, ಅಲ್ಲಿಂದಲೇ ನನಗೆ ಅವರ ಮಾತು ಸಿಗಲು ಶುರುವಾಗಿದ್ದು. ಥೀಸಿಸ್‌ನಲ್ಲಿ ಈ ಸಲಿಗೆಯನ್ನು "ರ‍್ಯಾಪೊ ಬೆಳೆಸಲಾಯಿತು" ಅಂತ ಎರಡು ಪದದಲ್ಲಿ ಮುಗಿಸಿದ್ದೇನೆ.

ಒಟ್ಟು 18 ಹೆಣ್ಣುಮಕ್ಕಳ ಜೊತೆ ಉದ್ದುದ್ದ ಮಾತುಕತೆ, ಕೆಲವರ ಜೊತೆ ಮೂರು ನಾಲ್ಕು ಸಲ. ಇದಕ್ಕೆ ಗುಣಾತ್ಮಕ ಸಂಶೋಧನೆ ಅಂತ ಹೆಸರು. ಕಾಲೇಜಿನಲ್ಲಿ ಎಲ್ಲರೂ ಕ್ವಾಲಿಟೇಟಿವ್ ಅಂತಲೇ ಅನ್ನುವುದು. ಎಷ್ಟು ಅಂತ ಎಣಿಸುವುದನ್ನು ಬೇರೆಯವರಿಗೆ ಬಿಟ್ಟು, ಹೇಗೆ, ಯಾಕೆ ಅಂತ ಕೇಳುವ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. 2024ರ ಮಾರ್ಚ್ 11, ಸೋಮವಾರ. ದರ ಬಿತ್ತು ಅಂತ ಬ್ಯಾಡಗಿ ಎಪಿಎಂಸಿಯಲ್ಲಿ ರೈತರು ಸಿಟ್ಟಿಗೆದ್ದು ಕಚೇರಿಗೆ ನುಗ್ಗಿದರು, ಗಾಡಿಗಳು ಸುಟ್ಟವು. ಎಷ್ಟು ಗಾಡಿ, ಎಷ್ಟು ಚೀಲ ಆವಕ, ಕ್ವಿಂಟಲ್‌ಗೆ ಎಷ್ಟು ಇಳಿಯಿತು, ಎಲ್ಲ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಆದರೆ ಹಿಂದಿನ ವಾರದ ದರ ಕೇಳಿಕೊಂಡು, ಸಾಲ ಕೊಟ್ಟವನಿಗೆ ಮಾತು ಕೊಟ್ಟು, ರಾತ್ರಿ ಲಾರಿ ಹತ್ತಿ ಬಂದ ಮನುಷ್ಯನಿಗೆ ಆ ಟೆಂಡರ್ ದರ ಕಣ್ಣಿಗೆ ಬಿದ್ದಾಗ ಏನಾಯಿತು? ಸುಮ್ಮನೆ ನಿಂತಿದ್ದವನು ಯಾವ ಗಳಿಗೆಯಲ್ಲಿ ಕಲ್ಲೆತ್ತಿದ? ಪಕ್ಕದವನು ಯಾಕೆ ಎತ್ತಲಿಲ್ಲ? ಸಾವಿರ ಜನಕ್ಕೆ ಫಾರ್ಮ್ ಹಂಚಿದರೆ ಇದಕ್ಕೆ ಉತ್ತರ ಬರುವುದಿಲ್ಲ. ಹತ್ತು ಜನರ ಹತ್ತಿರ ಹತ್ತು ಹತ್ತು ತಾಸು ಕೂತರೆ ಬರಬಹುದು.

ಇರಲಿ, ಲೇಖನದ ಕಥೆಗೆ ಬರುತ್ತೇನೆ.

ಮೊದಲ ಲೇಖನವನ್ನು ಒಂದು ಇಂಗ್ಲಿಷ್ ಜರ್ನಲ್‌ಗೆ ಕಳಿಸಿದೆ. ನಾಲ್ಕನೇ ದಿನಕ್ಕೆ ವಾಪಸ್. ಲೇಖನ ಓದಿ ತೂಗಿ ನೋಡುವ ರಿವ್ಯೂವರ್ ತನಕ ಹೋಗಲೇ ಇಲ್ಲ, ಸಂಪಾದಕರ ಮೇಜಿನಿಂದಲೇ ತಿರುಗಿ ಬಂತು. ಎರಡೇ ಸಾಲು. ಸ್ಯಾಂಪಲ್, ಅಂದರೆ ಮಾತಾಡಿಸಿದ ಜನರ ಸಂಖ್ಯೆ, ಸಣ್ಣದಾಯಿತು, ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲು ಬರುವುದಿಲ್ಲ. ಎರಡನೇ ಜರ್ನಲ್‌ನಿಂದ ಏಳು ತಿಂಗಳು ಸುದ್ದಿಯೇ ಇಲ್ಲ. ಆಮೇಲೆ ಒಬ್ಬ ರಿವ್ಯೂವರ್ ಕೇಳಿದರು, ನಿಮ್ಮ ಪ್ರಶ್ನಾವಳಿಯ ಕ್ರೋನ್‌ಬ್ಯಾಕ್ ಆಲ್ಫಾ ಎಷ್ಟು? ಅದು, ಅಂಕ ಹಾಕುವ ಪ್ರಶ್ನೆಗಳೆಲ್ಲ ಒಂದಕ್ಕೊಂದು ತಾಳೆ ಆಗುತ್ತವಾ ಅಂತ ನೋಡುವ ಲೆಕ್ಕ. ಅಜ್ಜಿ ಜೊತೆ ಆಡಿದ ಮಾತಿಗೆ ಆಲ್ಫಾ ಎಲ್ಲಿಂದ ತರಲಿ? ರೊಟ್ಟಿಯನ್ನು ಲೀಟರ್‌ನಲ್ಲಿ ಅಳೆದು ಕೊಡಿ ಅಂದ ಹಾಗಾಯಿತು.

ಇದು ನಮ್ಮಂಥವರಿಗೆ ಮಾತ್ರ ಆಗುವ ಕಥೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಲಂಡನ್ನಿನ ಬಿಎಂಜೆ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯೂ ಇಂಥ ಲೇಖನಗಳನ್ನು ಆದ್ಯತೆ ಕಡಿಮೆ ಅಂತ ಹಿಂದಕ್ಕೆ ಕಳಿಸುತ್ತಿತ್ತು. 2016ರ ಫೆಬ್ರವರಿಯಲ್ಲಿ ಟ್ರಿಶಾ ಗ್ರೀನ್‌ಹಾಲ್ ಮತ್ತಿತರರು, ಒಟ್ಟು 11 ದೇಶಗಳ 76 ಹಿರಿಯ ವಿದ್ವಾಂಸರು, ಈ ನೀತಿ ಬದಲಿಸಿ ಅಂತ ಅದೇ ಪತ್ರಿಕೆಯ ಸಂಪಾದಕರಿಗೆ ಬಹಿರಂಗ ಪತ್ರ ಬರೆದರು. ಪತ್ರಿಕೆಯವರು ಅದನ್ನು ಅಚ್ಚು ಹಾಕಿದರು. ಅಷ್ಟು ದೊಡ್ಡವರೇ ಸಂಪಾದಕರಿಗೆ ಪತ್ರ ಬರೆಯುವ ಪರಿಸ್ಥಿತಿ ಇದ್ದ ಮೇಲೆ ನಾನು ನಿಮಗೆ ಬರೆಯುವುದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ಆದರೆ ಒಂದು ಮಾತು. ನನ್ನ ಆ ಮೊದಲ ಲೇಖನವನ್ನು ಈಗ ತೆಗೆದು ಓದಿದರೆ ನನಗೇ ನಾಚಿಕೆ. ಅದರಲ್ಲಿ "ಶೇ 33.33ರಷ್ಟು ಮಹಿಳೆಯರು" ಅಂತ ಬರೆದಿದ್ದೆ. 18 ಜನರಲ್ಲಿ ಅಂದರೆ 6 ಜನ. ಆ ಪಾಯಿಂಟ್ ಮೂರು ಮೂರು ಯಾವ ಹೆಂಗಸು? ಶೇಕಡಾ ಹಾಕಿದರೆ ಲೇಖನಕ್ಕೆ ತೂಕ ಬರುತ್ತೆ ಅನ್ನುವ ಭ್ರಮೆ ನನಗೆ. ಎಣಿಸುವವರ ಅಂಗಿ ತೊಟ್ಟು ಹೋದರೆ ಅವರು ಗುಂಡಿ ಎಣಿಸದೆ ಬಿಡುತ್ತಾರಾ? ಇನ್ನು ತಲೆಬರಹಗಳು: ಆರ್ಥಿಕ ಸಮಸ್ಯೆ, ಸಾಮಾಜಿಕ ಸಮಸ್ಯೆ, ಆರೋಗ್ಯ ಸಮಸ್ಯೆ. ಈ ಮೂರನ್ನು ನಾನು ಬ್ಯಾಡಗಿಗೆ ಹೋಗುವ ಮೊದಲೇ, ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ, ಬರೆಯುವಾಗಲೇ ಬರೆದುಕೊಂಡಿದ್ದೆ. ಹೆಣ್ಣುಮಕ್ಕಳು ಏನು ಹೇಳಿದರೂ ಈ ಮೂರರಲ್ಲಿ ಒಂದು ಡಬ್ಬಿಗೆ ಹಾಕುವುದಷ್ಟೇ ಕೆಲಸ. ನಮ್ಮ ಕಡೆಯ ಎಷ್ಟೋ ಥೀಸಿಸ್‌ಗಳಲ್ಲಿ ಇದೇ ಮೂರು ಡಬ್ಬಿ ಕಾಣುತ್ತೇನೆ. ವಿಷಯ ಆಶಾ ಕಾರ್ಯಕರ್ತೆಯರಾಗಲಿ, ಗದಗ-ಬೆಟಗೇರಿಯ ನೇಕಾರರಾಗಲಿ, ನವಲಗುಂದದ ಜಮಖಾನೆ ನೇಯುವವರಾಗಲಿ, ಡಬ್ಬಿ ಬದಲಾಗುವುದಿಲ್ಲ. ಹೀಗಾಗಿ ಜರ್ನಲ್‌ನವರು ವಾಪಸ್ ಕಳಿಸಿದ್ದೆಲ್ಲ ಅನ್ಯಾಯ ಅಂತ ನಾನು ಹೇಳುವುದಿಲ್ಲ. ನನ್ನ ಮೊದಲ ಲೇಖನ ವಾಪಸ್ ಬರಬೇಕಾದದ್ದೇ. ಕಾರಣ ಮಾತ್ರ ತಪ್ಪು ಕೊಟ್ಟರು.

ಸ್ಯಾಂಪಲ್ ವಿಷಯಕ್ಕೂ ಸ್ವಲ್ಪ ಹೇಳಿಬಿಡುತ್ತೇನೆ. 2006ರಲ್ಲಿ ಗ್ರೆಗ್ ಗೆಸ್ಟ್ ಅನ್ನುವ ಸಂಶೋಧಕರು ಮತ್ತು ಅವರ ಇಬ್ಬರು ಸಂಗಡಿಗರು ಘಾನಾ ಮತ್ತು ನೈಜೀರಿಯಾದ 60 ಹೆಂಗಸರ ಸಂದರ್ಶನಗಳನ್ನು ಇಟ್ಟುಕೊಂಡು, ಹೊಸ ಮಾತು ಬರುವುದು ಎಷ್ಟನೆಯದಕ್ಕೆ ನಿಲ್ಲುತ್ತೆ ಅಂತ ನೋಡಿದರು. ಮೊದಲ 12ರಲ್ಲೇ ಬಹುಪಾಲು ಬಂದುಬಿಟ್ಟಿತ್ತು. ಜನ ಹೆಚ್ಚುಕಡಿಮೆ ಒಂದೇ ತರಹದವರು, ಕೇಳುವ ಪ್ರಶ್ನೆಯೂ ಅದೇ ಇದ್ದಾಗಿನ ಮಾತು ಅದು. ನಮ್ಮಲ್ಲಿ ಆ 12 ಮಂತ್ರವಾಗಿ ಕೂತಿದೆ. ಗೈಡ್ ಕೇಳಿದರೆ 12, ವೈವಾದ ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ 12. ನಾನೂ 12ಕ್ಕೆ ನಿಲ್ಲಿಸುವವಳಿದ್ದೆ. ನಿಲ್ಲಿಸಿದ್ದರೆ ಇಡೀ ಥೀಸಿಸ್ ಸುಳ್ಳಾಗುತ್ತಿತ್ತು.

ಆಗಿದ್ದಿಷ್ಟು. ಮೊದಲ 12 ಜನರನ್ನೂ ನಾನು ಮಾತಾಡಿಸಿದ್ದು ದಲಾಲಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಕೆಲಸ ನಡೆಯುವಾಗಲೇ. ಕೂಲಿ ಹೇಗಿದೆ, ತೂಕ ಸರಿ ಹಾಕ್ತಾರಾ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಅಡ್ಡಿಯಿಲ್ರಿ." ಅಡ್ಡಿಯಿಲ್ಲ ಅಂದರೆ ನಮ್ಮ ಕಡೆ ಚಲೋ ಐತಿ ಅಂತಲೂ ಆಗುತ್ತೆ, ಹೆಂಗೋ ನಡೀತೈತಿ ಅಂತಲೂ ಆಗುತ್ತೆ, ಇನ್ನು ಕೇಳಬ್ಯಾಡ್ರಿ ಅಂತಲೂ ಆಗುತ್ತೆ. ನಾನು ಈ ನೆಲದಲ್ಲೇ ಹುಟ್ಟಿದವಳು, ನನಗೆ ತಿಳಿಯಬೇಕಿತ್ತು. ಕೋಡಿಂಗ್, ಅಂದರೆ ಅವರ ಮಾತುಗಳಿಗೆ ಹೆಸರಿಟ್ಟು ವಿಂಗಡಿಸುವ ಕೆಲಸ, ಮಾಡುವಾಗ ಸಮಾಧಾನವಿದೆ ಅಂತ ಬರೆದುಕೊಂಡೆ. 13ನೆಯವಳು ಜ್ವರ ಬಂದು ಕೆಲಸಕ್ಕೆ ಬಂದಿರಲಿಲ್ಲ, ಹಾಗಾಗಿ ಅವಳ ಮನೆಗೆ ಹೋದೆ. ಚಹಾ ಕೊಟ್ಟಳು. ಅದೇ ಪ್ರಶ್ನೆ ಕೇಳಿದೆ. ಅವಳು ಒಂದು ತಾಸು ಬಿಡದೆ ಮಾತಾಡಿದಳು. ತೂಕದಲ್ಲಿ ಎಷ್ಟು ಹೋಗುತ್ತೆ, ಯಾರನ್ನು ಮರುದಿನ ಬರಬೇಡ ಅಂತಾರೆ, ಎಲ್ಲ. ಉಳಿದವರು ಅಡ್ಡಿಯಿಲ್ಲ ಅಂದರಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು:

"ಅಡ್ಡಿಯಿಲ್ಲ ಅಂದಿದ್ದು ನಿಮಗಲ್ರಿ ಅಕ್ಕಾರ. ನಿಮ್ಮ ಹಿಂದ ಕುಂತಾನಲ್ಲ, ಅವಗ."

ಹಿಂದೆ ಕೂತವನು ಅಂದರೆ ಅಂಗಡಿಯ ಗುಮಾಸ್ತ. ಎಲ್ಲ ದಿನವೂ ಇದ್ದ. ಮೊಬೈಲ್ ನೋಡುತ್ತಾ ತನ್ನಷ್ಟಕ್ಕೆ ಕೂತಿರುತ್ತಿದ್ದ. ನನಗೆ ಅವನು ಕುರ್ಚಿ ಮೇಜಿನ ಹಾಗೆ, ಅಲ್ಲಿದ್ದದ್ದೇ ಲೆಕ್ಕಕ್ಕಿಲ್ಲ. ಉಳಿದ 12 ಜನರನ್ನೂ ಮತ್ತೆ ಅವರ ಅವರ ಮನೆಯಲ್ಲಿ ಭೇಟಿ ಮಾಡಬೇಕಾಯಿತು. ಒಬ್ಬಳು ಬಾಗಿಲಲ್ಲೇ ನಕ್ಕು, "ಈಗ ಬರ್ರಿ ಒಳಗ" ಅಂದಳು.

ಇಷ್ಟಾದರೂ ಲೇಖನದಲ್ಲಿ ಆ ಗುಮಾಸ್ತನ ಸುದ್ದಿ ಎತ್ತಿರಲಿಲ್ಲ. ನನ್ನ ತಪ್ಪು ನಾನೇ ಯಾಕೆ ಹೇಳಲಿ ಅಂತ ಮುಚ್ಚಿಟ್ಟು, ಎರಡನೇ ಸುತ್ತಿನ ಮಾತು ಮಾತ್ರ ಬರೆದಿದ್ದೆ. ಮೂರನೇ ಜರ್ನಲ್‌ನ ಒಬ್ಬ ರಿವ್ಯೂವರ್ ಹಿಡಿದರು. ಕೊರೆಕ್ ಅಂತ ಒಂದು ಚೆಕ್‌ಲಿಸ್ಟ್ ಇದೆ, 2007ರಲ್ಲಿ ಬಂದದ್ದು, 32 ಅಂಶ, ಸಂದರ್ಶನ ಮಾಡಿ ಬರೆಯುವವರು ಏನೇನು ಹೇಳಬೇಕು ಅನ್ನುವುದಕ್ಕೆ. ಸಂದರ್ಶನ ಮಾಡಿದವರು ಯಾರು, ಅವರಿಗೂ ಹೇಳಿದವರಿಗೂ ಏನು ಸಂಬಂಧ, ಎಲ್ಲಿ ಕೂತಿದ್ದರು. ಅದರಲ್ಲಿ ಒಂದು, ಆಗ ಅಲ್ಲಿ ಬೇರೆ ಯಾರಾದರೂ ಇದ್ದರಾ? ಈ ರಿವ್ಯೂವರ್ ಅದನ್ನೇ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದನ್ನೆಲ್ಲ ಬರೆದು ಕಳಿಸಿದೆ, ಇನ್ನು ಇದೂ ಹೋಯಿತು ಅಂದುಕೊಂಡೆ. ಉತ್ತರ ಬಂತು: ಇದನ್ನು ಯಾಕೆ ಬಚ್ಚಿಟ್ಟಿರಿ, ಲೇಖನ ಇಲ್ಲಿಂದಲೇ ಶುರುವಾಗಬೇಕು. ಮೂರು ಸುತ್ತು ತಿದ್ದಿಸಿದರು. ನಾನು ಕಲಿತದ್ದು ಪಿಎಚ್‌ಡಿಗಿಂತ ಆ ಮೂರು ಸುತ್ತಿನಲ್ಲಿ ಜಾಸ್ತಿ. ಅವರ ಹೆಸರು ನನಗೆ ತಿಳಿಯದು, ಗುಟ್ಟಾಗಿ ಓದುವ ಪದ್ಧತಿ ಅದು. ಎಲ್ಲಿದ್ದರೂ ಅವರಿಗೆ ನಮಸ್ಕಾರ.

ಲೇಖನ ಒಪ್ಪಿದರು. ಹಾಗಾದರೆ ತಕರಾರು ಏನು ಅಂತ ನೀವು ಕೇಳಬಹುದು. ತಕರಾರು ಇದೆ.

ಒಂದು, ಪದಗಳ ಮಿತಿ. ವೈದ್ಯಕೀಯ ಜರ್ನಲ್‌ಗಳಲ್ಲಿ ಮೂರು ನಾಲ್ಕು ಸಾವಿರ ಪದದೊಳಗೆ ಮುಗಿಸಿ ಅನ್ನುತ್ತಾರೆ. ಅಂಕಿ ಅಂಶದವರು ಒಂದು ಟೇಬಲ್‌ನಲ್ಲಿ ಇಡೀ ತಾಲ್ಲೂಕು ತುಂಬಿಸಬಹುದು. ನಮ್ಮ ಸರಕು ಮಾತು. ಒಬ್ಬಳ ಮಾತು ಪೂರ್ತಿ ಹಾಕಿದರೆ ಅರ್ಧ ಪುಟ. ನನ್ನದು ಸಮಾಜಶಾಸ್ತ್ರದ ಜರ್ನಲ್, ಅಷ್ಟು ಬಿಗಿ ಇರಲಿಲ್ಲ, ಆದರೂ ಕತ್ತರಿಸಿ ಕತ್ತರಿಸಿ ಕೊನೆಗೆ ಅಜ್ಜಿಯ ಹೆಸರಲ್ಲಿ ಒಂದೂವರೆ ಸಾಲು ಉಳಿಯಿತು.

ಇನ್ನೊಂದು, ಭಾಷೆ. ಇದೇ ನನಗೆ ಜಾಸ್ತಿ ನೋವು ಕೊಟ್ಟದ್ದು. 13ನೆಯವಳು ಹೇಳಿದ ಒಂದು ಮಾತು ಹೀಗಿದೆ: "ಕೈ ಉರಿ ರಾತ್ರಿಗೆ ಇಳಿತೈತ್ರಿ, ಎಣ್ಣಿ ಹಚ್ಚಿದ್ರ ಆತು. ಸಂಘದ ಕಂತಿಂದು ಉರಿ ಇಳಿಯಂಗಿಲ್ಲ." ಸಂಘ ಅಂದರೆ ಮೈಕ್ರೊಫೈನಾನ್ಸ್. ಈಗ ಇದನ್ನು ಇಂಗ್ಲಿಷ್‌ಗೆ ಹಾಕಬೇಕು. ಮೊದಲನೇ ಉರಿ ಬರ್ನಿಂಗ್ ಸೆನ್ಸೇಷನ್. ಎರಡನೇ ಉರಿ? ಅದಕ್ಕೂ ಬರ್ನಿಂಗ್ ಅಂತ ಹಾಕಿದೆ. ಭಾಷೆ ತಿದ್ದುವವರು, ಮನೆಗೆ ಬೆಂಕಿ ಬಿದ್ದಿತ್ತೇ ಅಂತ ಕೇಳಿದರು. ನಿಜವಾಗಿ ಕೇಳಿದರು, ತಮಾಷೆಗಲ್ಲ. ಕೊನೆಗೆ ಎರಡನೆಯದು ವರಿ ಆಯಿತು. ಉರಿ ಹೋಗಿ ವರಿ. ಒಂದೇ ಪದ ಕೈಯಿಂದ ಮನೆಗೆ ಹೋಗುತ್ತಿತ್ತು, ಅವಳಿಗೆ ಎರಡೂ ಒಂದೇ ಮೈಯ ಉರಿ, ಅದೇ ನನ್ನ ಲೇಖನದ ಜೀವ. ಅಚ್ಚಿನಲ್ಲಿ ಅವು ಎರಡು ಬೇರೆ ಬೇರೆ ವಿಷಯ. ಕನ್ನಡದ ಮೂಲ ಮಾತನ್ನೂ ಪಕ್ಕದಲ್ಲಿ ಹಾಕಿ ಅಂತ ಕೇಳಿದೆ. ಜಾಗವಿಲ್ಲ, ಫಾಂಟ್ ತೊಂದರೆ ಅಂದರು.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮೈಕ್ರೊಫೈನಾನ್ಸ್ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ ಊರೆಲ್ಲ ಅದೇ ಮಾತು. ಆ ಉರಿ ನನ್ನ ರೆಕಾರ್ಡರ್‌ನಲ್ಲಿ ಎರಡು ವರ್ಷ ಮೊದಲೇ ಇತ್ತು. ಯಾರದೋ ಇನ್‌ಬಾಕ್ಸಿನಲ್ಲಿ ಸರತಿಗೆ ಕಾಯುತ್ತಿತ್ತು.

ಒಪ್ಪಿಗೆ ಪತ್ರದ ಸಹಿ ಬಗ್ಗೆ ಬರೆಯದೆ ಇರಲಾರೆ. ಸಂಶೋಧನೆಯ ಎಥಿಕ್ಸ್ ನಿಯಮದ ಪ್ರಕಾರ ಸಹಿ ಬೇಕು. ಫಾರ್ಮ್ ಕೈಗೆ ಕೊಟ್ಟ ತಕ್ಷಣ ಒಬ್ಬಳು ಹಿಂದಕ್ಕೆ ಸರಿದಳು, "ಸಹಿ ಯಾಕ್ರಿ? ಸಂಘಕ್ಕ ಸಹಿ ಮಾಡಿದ್ದ ಸಾಕಾಗೇತಿ." ಆಮೇಲೆ ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಂಡೆ, ಜರ್ನಲ್‌ನವರು ಒಪ್ಪಿದರು. ಗುರುತು ಮುಚ್ಚುವುದೂ ಅಷ್ಟು ಸುಲಭ ಅಲ್ಲ. ರಿವ್ಯೂವರ್‌ಗೆ ಪ್ರತಿಯೊಬ್ಬಳ ವಯಸ್ಸು, ಜಾತಿ, ಊರು, ಮಕ್ಕಳೆಷ್ಟು ಎಲ್ಲ ಟೇಬಲ್‌ನಲ್ಲಿ ಬೇಕು. ಹೆಸರು ಬದಲಿಸಿದರೆ ಆಯಿತಲ್ಲ ಅಂತಾರೆ. ದೊಡ್ಡ ಶಹರದಲ್ಲಿ ಆಗಬಹುದು. ನಮ್ಮಲ್ಲಿ 42 ವರ್ಷ, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಇಂಥ ಊರಿನಿಂದ ಬರುತ್ತಾಳೆ ಅಂತ ಬರೆದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರು ಮನೆ ತೋರಿಸುತ್ತಾರೆ. ತೂಕದ ಮೋಸ ಹೇಳಿದವಳಿಗೆ ಮರುದಿನ ಕೆಲಸ ಇರುವುದಿಲ್ಲ. ಟೇಬಲ್ ಕೊಡುವುದಿಲ್ಲ ಅಂತ ಪಟ್ಟು ಹಿಡಿದೆ, ಆ ಒಂದು ಕಾರಣಕ್ಕೇ ಎರಡು ತಿಂಗಳು ಹೋಯಿತು.

ಈಗೀಗ ಕೆಲವು ಜರ್ನಲ್‌ಗಳು ಮೂಲ ದತ್ತಾಂಶವನ್ನೂ ಸಾರ್ವಜನಿಕವಾಗಿ ಇಡಿ ಅನ್ನುತ್ತವೆ. ಇದನ್ನು ಓದಿದಾಗಲೆಲ್ಲ ನನಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ 1948ರಲ್ಲಿ ಉಳಿದು ಬರೆದುಕೊಂಡ ಟಿಪ್ಪಣಿಗಳನ್ನು ವಿಂಗಡಿಸಿ, ಮೂರು ಪ್ರತಿ ಮಾಡಿ ಇಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಅವರ ಕೋಣೆ ಇದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟು ಮೂರೂ ಪ್ರತಿ ಸುಟ್ಟವು. ನೆನಪಿನಿಂದಲೇ ಪುಸ್ತಕ ಬರೆದರು, 1976ರಲ್ಲಿ ಬಂತು, ಇವತ್ತಿಗೂ ನಾವು ಎಂಎ ಮಕ್ಕಳಿಗೆ ಓದಿ ಅಂತ ಹೇಳುವುದು ಅದನ್ನೇ. ಈಗ ಯಾವುದಾದರೂ ಜರ್ನಲ್‌ಗೆ ಕಳಿಸಿದ್ದರೆ ಡೇಟಾ ಎಲ್ಲಿ ಅಂತ ಕೇಳಿ ನಾಲ್ಕನೇ ದಿನಕ್ಕೆ ವಾಪಸ್ ಕಳಿಸುತ್ತಿದ್ದರೋ ಏನೋ.

ಇನ್ನು ದುಡ್ಡಿನ ಅಂಗಡಿಯ ಮಾತು. ಏಳು ತಿಂಗಳು ಉತ್ತರ ಬಾರದೆ ಕೂತಿದ್ದೆನಲ್ಲ, ಆಗ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಐಎಸ್‌ಎಸ್‌ಎನ್ ಅನ್ನುವ ನೋಂದಣಿ ಸಂಖ್ಯೆ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವ ಪ್ರಭಾವದ ಅಂಕ ಇದೆ, 72 ಗಂಟೆಯಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ. 1,800 ರೂಪಾಯಿ. ಲೇಖನ ಅಪ್‌ಲೋಡ್ ಮಾಡಿ ದುಡ್ಡು ಕಟ್ಟುವ ಪುಟದವರೆಗೆ ಹೋದೆ. ಹಿಂದಿನ ಸಂಚಿಕೆ ಹೇಗಿದೆ ಅಂತ ಸುಮ್ನೆ ತೆಗೆದು ನೋಡಿದೆ. ವಚನಗಳ ಮೇಲಿನ ಲೇಖನದ ಪಕ್ಕದಲ್ಲೇ ಮೀನಿನ ಆಹಾರದ ಮೇಲೊಂದು, ಅದರ ಪಕ್ಕ ಕಾಂಕ್ರೀಟ್ ಮೇಲೊಂದು. ಆ ಸಂತೆಯಲ್ಲಿ ಅಜ್ಜಿಯನ್ನು ಕೂರಿಸಲು ಮನಸ್ಸಾಗಲಿಲ್ಲ. ಮನಸ್ಸಾದವರನ್ನು ನಾನು ಬೈಯುವುದೂ ಇಲ್ಲ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2018ರ ನಿಯಮದ ಲೆಕ್ಕದಲ್ಲಿ, ಕೆಲಸಕ್ಕೆ, ಬಡ್ತಿಗೆ ಅಂತ, ನಮ್ಮ ವಿಭಾಗಗಳ ಒಂದು ಲೇಖನಕ್ಕೆ 10 ಅಂಕ. ಎರಡು ಹಂಗಾಮು ಶೆಡ್ಡಿನಲ್ಲಿ ಕೂತು ಬರೆದರೂ ಆ 10, ಎರಡು ದಿನದಲ್ಲಿ ಬರೆದದ್ದು ಯುಜಿಸಿ ಒಪ್ಪಿದ ಪಟ್ಟಿಯಲ್ಲಿದ್ದ ಜರ್ನಲ್‌ನಲ್ಲಿ ಬಂದರೂ ಆ 10. ಪಟ್ಟಿಯ ಕಥೆ ಇನ್ನೂ ಚೆನ್ನ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್ ಕಿತ್ತುಹಾಕಿತು. ಮರುವರ್ಷ ಕೇರ್ ಅನ್ನುವ ಹೊಸ ಪಟ್ಟಿ ಬಂತು. ಅದರಲ್ಲಿದ್ದ ಒಳ್ಳೆಯ ಜರ್ನಲ್‌ಗಳ ಹೆಸರಲ್ಲೇ ನಕಲಿ ವೆಬ್‌ಸೈಟ್ ಮಾಡಿದವರಿದ್ದರು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ನಿಲ್ಲಿಸಿ, ಇವೇ ಮಾನದಂಡ, ಇನ್ನು ನೀವೇ ನೋಡಿಕೊಳ್ಳಿ ಅಂದರು. ಪಿಎಚ್‌ಡಿ ಸಲ್ಲಿಸುವ ಮೊದಲು ಒಂದು ಲೇಖನ ಬರಲೇಬೇಕು ಅನ್ನುವ 2016ರ ನಿಯಮವನ್ನು 2022ರಲ್ಲಿ ಕೈಬಿಟ್ಟರು, ಅದು ಒಳ್ಳೆಯದೇ ಆಯಿತು. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ, ಬಡ್ತಿ ಕೇಳುವಾಗ ಅದೇ ಅಂಕ, ಅದೇ ಓಟ.

ದುಡ್ಡು ಕೇಳುವವರೆಲ್ಲ ಕಳ್ಳರೂ ಅಲ್ಲ, ಇದನ್ನು ನಿಮ್ಮ ವರದಿ ಬಿಡಿಸಿ ಹೇಳಬೇಕಿತ್ತು. ಯಾರು ಬೇಕಾದರೂ ಉಚಿತವಾಗಿ ಓದುವಂತೆ ತೆರೆದಿಡಲು ದೊಡ್ಡ ಪ್ರಕಾಶಕರು ಲೇಖಕರ ಹತ್ತಿರ 2,000, 3,000 ಡಾಲರ್ ಕೇಳುವುದು ಸಾಮಾನ್ಯ. 3,000 ಡಾಲರ್ ಅಂದರೆ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ. ಅತಿಥಿ ಉಪನ್ಯಾಸಕಿಯೊಬ್ಬಳು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಆದರೆ ಬಿಡಿಗಾಸೂ ಕೇಳದೆ ಹಾಕುವ ಒಳ್ಳೆಯ ಜರ್ನಲ್‌ಗಳೂ ಇವೆ. ಚಂದಾದಾರರ ದುಡ್ಡಿನಲ್ಲಿ ನಡೆಯುವ ಹಳೆಯ ಪದ್ಧತಿಯವು ಲೇಖಕರ ಹತ್ತಿರ ಏನೂ ಕೇಳುವುದಿಲ್ಲ. ಇದು ನಮ್ಮ ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ, ಲೇಖನ ಅಂದರೆ ಫೀ ಅಂತಲೇ ತಿಳಿದಿದ್ದಾರೆ. ಜರ್ಮನಿಯಿಂದ ಬರುವ ಫೋರಂ ಕ್ವಾಲಿಟೇಟಿವ್ ಸೋಷಿಯಲ್ ರಿಸರ್ಚ್ ಅನ್ನುವುದಂತೂ 2000ರಿಂದ ಬರೆಯುವವರಿಗೂ ಓದುವವರಿಗೂ ಪೂರ್ತಿ ಉಚಿತ. ಜರ್ಮನ್, ಇಂಗ್ಲಿಷ್, ಸ್ಪ್ಯಾನಿಷ್ ಮೂರರಲ್ಲೂ ಲೇಖನ ತೆಗೆದುಕೊಂಡು ಬಂದಿದೆ.

ಮೂರು ಭಾಷೆ ಅಂದಾಗಲೇ ನನಗೆ ಹೊಳೆದದ್ದು. ನಮ್ಮಲ್ಲಿ ಯಾಕೆ ಆಗಬಾರದು? ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ, ಹೆಸರಿನಲ್ಲೇ ಹಳ್ಳಿ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಜನರ ಮಾತನ್ನು ಜನ ಆಡಿದ ಹಾಗೇ ಬರೆದುಕೊಳ್ಳುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರೂ ಕಡೆ ಒಂದೇ ದಿನ ಬಸ್ಸಿನಲ್ಲಿ ಓಡಾಡಿ ಬರಬಹುದು. ಇವರು ಸೇರಿ ಒಂದು, ಬರೀ ಒಂದು, ಕನ್ನಡ ಜರ್ನಲ್ ಮಾಡಲಿ. ಕನ್ನಡದಲ್ಲಿ ಸಂಶೋಧನಾ ಪತ್ರಿಕೆಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಶಾಸನ, ಹಳಗನ್ನಡ, ಜಾನಪದಕ್ಕೆ ಒಳ್ಳೆಯ ಪರಂಪರೆಯೇ ಇದೆ. ನಾನು ಕೇಳುವುದು ಕೂಲಿಕಾರರ, ರೋಗಿಗಳ, ಶಾಲೆ ಬಿಟ್ಟ ಹುಡುಗರ ಮಾತು ಕೇಳಿ ಬರೆದದ್ದಕ್ಕೆ ಒಂದು ಜಾಗ. ಫೀ ಬೇಡ. ಮೂಲ ಮಾತು ಆಡಿದ ಹಾಗೇ ಇರಲಿ, ಹೊರಗಿನವರಿಗೆ ಕೊನೆಯಲ್ಲಿ ಇಂಗ್ಲಿಷ್ ಸಾರಾಂಶ ಸಾಕು. ಇಬ್ಬರು ಓದಿ, ಗುಮಾಸ್ತ ಎಲ್ಲಿ ಕೂತಿದ್ದ ಅಂತ ಕೇಳಲಿ. ಮೂರು ತಿಂಗಳಲ್ಲಿ ಹೌದು ಅಥವಾ ಇಲ್ಲ ಅನ್ನಲಿ. ಅದರಲ್ಲಿ ಬಂದ ಲೇಖನಕ್ಕೂ ಅದೇ 10 ಅಂಕ ಸಿಗಲಿ.

ಕಷ್ಟ ಎಲ್ಲಿದೆ ಅಂತಲೂ ನನಗೆ ಗೊತ್ತು. ದುಡ್ಡಲ್ಲ. ಪರಿಚಯದವರ ಲೇಖನವನ್ನು ಆಗುವುದಿಲ್ಲ ಅಂತ ವಾಪಸ್ ಕಳಿಸುವವರು ಬೇಕು. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಪರಿಚಯ, ಇಲ್ಲವೇ ಬೀಗರು. ಯಾರು ಬರೆದದ್ದು ಅಂತ ಹೆಸರು ಮುಚ್ಚಿ ಕೊಟ್ಟರೂ ಎರಡು ಪುಟ ಓದುವಷ್ಟರಲ್ಲಿ ಇದು ಇಂಥವರ ಸ್ಟೂಡೆಂಟ್ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೆ ಮೈಸೂರು, ಮಂಗಳೂರು, ಕಲಬುರಗಿ ಕಡೆಯವರಿಂದ ಓದಿಸಲಿ. ಮೊದಲ ಎರಡು ವರ್ಷ ವಾಪಸ್ ಹೋದದ್ದೇ ಜಾಸ್ತಿ ಇರಬಹುದು, ಇರಲಿ. ಮೊದಲ ಲೇಖನ ಕಳಿಸುವವಳು ನಾನೇ, ಮೊದಲು ವಾಪಸ್ ಬಂದರೂ ಚಿಂತೆ ಇಲ್ಲ, ಅಭ್ಯಾಸ ಇದೆ.

ಪತ್ರ ಉದ್ದವಾಯಿತು. ನಿಮಗೂ ಜಾಗದ ತೊಂದರೆ ಇರುತ್ತೆ, ಕತ್ತರಿಸಲೇಬೇಕು ಅಂದರೆ ಯುಜಿಸಿ ಪಟ್ಟಿಯ ಭಾಗ ತೆಗೆಯಿರಿ, ಬಿಎಂಜೆ ತೆಗೆಯಿರಿ, ಶ್ರೀನಿವಾಸ್ ಅವರನ್ನು ಬೇಕಾದರೂ ತೆಗೆಯಿರಿ, ಅವರು ಬೇಜಾರು ಮಾಡಿಕೊಳ್ಳುವವರಲ್ಲ. ಆ 13ನೆಯ ಹೆಣ್ಣುಮಗಳ ಎರಡು ಮಾತು ಮಾತ್ರ ಬಿಡಬೇಡಿ. ನಿಮ್ಮ ಡೆಸ್ಕ್‌ನಲ್ಲಿ ಕೂತವರಿಗೆ ಒಂದು ಮಾತು ಹೇಳಿ, "ಇಳಿತೈತ್ರಿ" ಅನ್ನುವುದನ್ನು "ಇಳಿಯುತ್ತದೆ" ಅಂತ ತಿದ್ದಬೇಡಿ ಅಂತ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಧ್ಯಾಪಕಿ, ಹಾವೇರಿ ಜಿಲ್ಲೆ
(ಹೆಸರು ಹಾಕಬೇಡಿ. ಹಾಕಿದರೆ ಶೆಡ್ಡು ಯಾವುದು ಅಂತ ಗೊತ್ತಾಗುತ್ತೆ.)